ಖುಲಾಸೆಯಾದ ಮೇಲೂ ಊರಿಗೆ ಏಕೆ ಹೋಗುವುದಿಲ್ಲ?

ಪ್ರಶ್ನೆ: ನಾನು ಧಾರವಾಡದವಳು. ಈಗ ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ನನ್ನ ಎದುರಿನ ಮೇಜಿನಲ್ಲಿ ಟರ್ಕಿಯ ಅಧ್ಯಾಪಕರೊಬ್ಬರು ಕೂರುತ್ತಾರೆ. 2016ರಲ್ಲಿ ಒಂದು ಹೇಳಿಕೆಗೆ ಸಹಿ ಹಾಕಿದ್ದಕ್ಕೆ ಅವರ ಕೆಲಸ ಹೋಯಿತಂತೆ, ಮೊಕದ್ದಮೆ ನಡೆಯಿತಂತೆ, ಕೊನೆಗೆ ಖುಲಾಸೆಯೂ ಆಯಿತಂತೆ. ಆದರೂ ತಾಯಿಗೆ ಕಾಯಿಲೆಯೆಂದು ತಿಳಿದಾಗಲೂ ಅವರು ಊರಿಗೆ ಹೋಗಲಿಲ್ಲ. ಮೊನ್ನೆ ಕ್ಯಾಂಟೀನ್ ದರ ಇಳಿಸಬೇಕೆಂಬ ಮನವಿಗೆ ಎಲ್ಲರೂ ಸಹಿ ಹಾಕುತ್ತಿದ್ದಾಗ ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಹಾಳೆಯನ್ನು ಹಾಗೆಯೇ ಪಕ್ಕದವರಿಗೆ ದಾಟಿಸಿದರು. ಒಂದು ಸಹಿಗಾಗಿ ಸರ್ಕಾರ ಇಷ್ಟೆಲ್ಲ ಮಾಡುತ್ತದೆಯೇ? ನಿರ್ದೋಷಿಯೆಂದು ತೀರ್ಪು ಬಂದ ಮೇಲೂ ಹೆದರಿಕೆ ಏಕೆ? ಅವರೊಂದಿಗೆ ನಾನು ಹೇಗೆ ನಡೆದುಕೊಳ್ಳಬೇಕು?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಮನಸ್ಸು ನಿಂತದ್ದು ಆ ಪೆನ್ನಿನ ಬಳಿ. ಇಪ್ಪತ್ತೆಂಟು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ್ದೇನೆ. ಆಳುವವರು ಜನರನ್ನು ಹೇಗೆ ಹೆದರಿಸುತ್ತಾರೆಂದು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ, ಪೊಲೀಸರಿಲ್ಲದ ಕೋಣೆಯಲ್ಲಿ, ಊಟದ ದರದ ಕಾಗದದ ಮುಂದೆ ಒಬ್ಬ ವಿದ್ವಾಂಸರ ಕೈ ತಡೆಯುತ್ತದೆ ಎಂದರೆ ಅದಕ್ಕಿಂತ ದೊಡ್ಡ ವಿವರಣೆ ನನ್ನಲ್ಲಿಲ್ಲ. ಆ ಕೈ ಹಾಗಾಗಲು ಏನೇನು ನಡೆಯಿತು ಎಂಬುದನ್ನಷ್ಟೇ ಹೇಳಬಲ್ಲೆ.

2015ರ ಬೇಸಿಗೆಯಲ್ಲಿ ಟರ್ಕಿ ಸರ್ಕಾರಕ್ಕೂ ಕುರ್ದಿಷ್ ಸಶಸ್ತ್ರ ಸಂಘಟನೆಯಾದ ಪಿಕೆಕೆಗೂ ನಡೆಯುತ್ತಿದ್ದ ಶಾಂತಿ ಮಾತುಕತೆ ಮುರಿದುಬಿತ್ತು. ಆಗ್ನೇಯದ ಕುರ್ದಿಷ್ ಪಟ್ಟಣಗಳಲ್ಲಿ ಪಿಕೆಕೆಯ ಯುವಕರು ಬೀದಿಗೆ ಕಂದಕ ತೋಡಿ ಅಡ್ಡಗಟ್ಟೆ ಕಟ್ಟಿದರು. ಸರ್ಕಾರ ಅಲ್ಲಿಗೆ ಟ್ಯಾಂಕುಗಳನ್ನು ಇಳಿಸಿತು. ಜಿಜ್ರೆ, ಸಿಲೋಪಿ, ನುಸೈಬಿನ್, ದಿಯಾರ್‌ಬಕಿರ್ ಕೋಟೆಯೊಳಗಿನ ಸೂರ್ ಮುಂತಾದ ಕಡೆ ಹಗಲೂ ರಾತ್ರಿ ಕರ್ಫ್ಯೂ ಬಿತ್ತು. ನೀರು, ಔಷಧಿ, ಆಂಬುಲೆನ್ಸ್ ಯಾವುದೂ ತಲುಪದ ಮನೆಗಳಲ್ಲಿ ಜನ ಸಿಲುಕಿಕೊಂಡರು. 2016ರ ಜನವರಿ 11ರಂದು 89 ವಿಶ್ವವಿದ್ಯಾಲಯಗಳ 1,128 ಮಂದಿ ಅಧ್ಯಾಪಕರು, ಸಂಶೋಧಕರು 'ಈ ಅಪರಾಧದಲ್ಲಿ ನಾವು ಪಾಲುದಾರರಾಗುವುದಿಲ್ಲ' ಎಂಬ ಹೇಳಿಕೆ ಹೊರಡಿಸಿದರು. ಕರ್ಫ್ಯೂ ತೆಗೆಯಿರಿ, ನಷ್ಟವಾದವರಿಗೆ ಪರಿಹಾರ ಕೊಡಿ, ಸ್ವತಂತ್ರ ವೀಕ್ಷಕರನ್ನು ಒಳಗೆ ಬಿಡಿ, ಮತ್ತೆ ಮಾತುಕತೆಗೆ ಕುಳಿತುಕೊಳ್ಳಿ ಎಂಬುದು ಅದರ ಸಾರ. ಅವರು ತಮ್ಮನ್ನು 'ಶಾಂತಿಗಾಗಿ ವಿದ್ವಾಂಸರು' ಎಂದು ಕರೆದುಕೊಂಡಿದ್ದರು.

ಹೇಳಿಕೆಯ ಮಾತು ಬಿರುಸಾಗಿತ್ತು. ಪಿಕೆಕೆಯ ಹಿಂಸೆಯನ್ನು ಅದು ಖಂಡಿಸಿರಲಿಲ್ಲ ಎಂಬ ಆಕ್ಷೇಪ ಸರ್ಕಾರದ ಟೀಕಾಕಾರರಿಂದಲೂ ಬಂತು. ಆ ಆಕ್ಷೇಪದಲ್ಲಿ ಹುರುಳಿದೆ ಎಂದು ನನಗೂ ಅನಿಸುತ್ತದೆ. ನಾನು ಬರೆದಿದ್ದರೆ ಬೇರೆ ರೀತಿ ಬರೆಯುತ್ತಿದ್ದೆನೇನೋ. ಆದರೆ ಅದು ಪತ್ರಿಕೆಯಲ್ಲಿ, ತರಗತಿಯಲ್ಲಿ ತೀರಬೇಕಾದ ಜಗಳ. ಅಲ್ಲಿ ತೀರಲು ಅದನ್ನು ಬಿಡಲೇ ಇಲ್ಲ.

ಮರುದಿನವೇ, ಜನವರಿ 12ರಂದು, ಇಸ್ತಾಂಬುಲ್‌ನ ಸುಲ್ತಾನ್ ಅಹ್ಮದ್ ಚೌಕದಲ್ಲಿ ಆತ್ಮಾಹುತಿ ಬಾಂಬ್ ಸಿಡಿದು ವಿದೇಶಿ ಪ್ರವಾಸಿಗರು ಸತ್ತರು. ಕೃತ್ಯ ಇಸ್ಲಾಮಿಕ್ ಸ್ಟೇಟ್‌ನದೆಂದು ಸರ್ಕಾರವೇ ಹೇಳಿತು. ಆದರೂ ಅಂದು ರಾಯಭಾರಿಗಳ ಮುಂದೆ ಮಾತನಾಡಿದ ಅಧ್ಯಕ್ಷ ಎರ್ಡೊಗನ್ ತಮ್ಮ ಸಿಟ್ಟಿನ ದೊಡ್ಡ ಪಾಲನ್ನು ಸಹಿದಾರರ ಮೇಲೆ ಸುರಿದರು. ತುರ್ಕಿ ಭಾಷೆಯಲ್ಲಿ 'ಐದಿನ್' ಎಂಬ ಪದಕ್ಕೆ ಬೆಳಕುಳ್ಳದ್ದು ಎಂದೂ ಬುದ್ಧಿಜೀವಿ ಎಂದೂ ಎರಡು ಅರ್ಥ. ನೀವು ಐದಿನ್ ಅಲ್ಲ, ನೀವು ಕತ್ತಲೆ ಎಂದರು ಅವರು. ಆ ಮಾತು ಮೇಲಿನಿಂದ ಕೆಳಗೆ ಇಳಿದ ವೇಗವನ್ನು ಗಮನಿಸಿ. ಉನ್ನತ ಶಿಕ್ಷಣ ಮಂಡಳಿ ಕ್ರಮ ಕೈಗೊಳ್ಳುವುದಾಗಿ ಪ್ರಕಟಿಸಿತು. ಸೆದತ್ ಪೆಕೆರ್ ಎಂಬ ಕುಖ್ಯಾತ ಭೂಗತ ನಾಯಕ ನಿಮ್ಮ ರಕ್ತದಲ್ಲಿ ಸ್ನಾನ ಮಾಡುತ್ತೇವೆ ಎಂದು ಬಹಿರಂಗವಾಗಿ ಬರೆದ. ಮುಂದೆ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ಸ್ಥಳೀಯ ಪತ್ರಿಕೆಗಳು ಸಹಿದಾರರ ಹೆಸರು, ಭಾವಚಿತ್ರ ಅಚ್ಚು ಹಾಕಿದವು. ಸಣ್ಣ ಊರುಗಳಲ್ಲಿದ್ದವರ ಪಾಡು ಇಸ್ತಾಂಬುಲ್‌ನವರದ್ದಕ್ಕಿಂತ ಕಠಿಣವಾಯಿತು. ಹಾಲಿನವನಿಗೂ ಮನೆ ಮಾಲೀಕನಿಗೂ ಗುರುತು ಸಿಗುವ ಊರಿನಲ್ಲಿ ಮುಖ ಪತ್ರಿಕೆಗೆ ಬಂದರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಕೊಜಾಎಲಿಯಲ್ಲಿ ಅದೇ ವಾರ ಪೊಲೀಸರು ಬೆಳಗಿನ ಜಾವ ಅಧ್ಯಾಪಕರ ಮನೆಗಳಿಗೆ ಹೋಗಿ ಅವರನ್ನು ಠಾಣೆಗೆ ಕರೆದೊಯ್ದರು.

ಬೆದರಿಕೆಗೆ ಬಂದ ಉತ್ತರವನ್ನೂ ಹೇಳಬೇಕು. ಜನವರಿ 20ರ ಹೊತ್ತಿಗೆ ಸಹಿಗಳ ಸಂಖ್ಯೆ 2,212ಕ್ಕೆ ಏರಿತ್ತು. ಎರಡನೆಯ ಸಾವಿರದವರು ಹಾಕಿದ್ದು ಪರಿಣಾಮ ಏನೆಂದು ಕಣ್ಣಾರೆ ಕಂಡ ಮೇಲೆ. ನಿಮ್ಮ ಸಹೋದ್ಯೋಗಿ ಯಾವ ಸುತ್ತಿನವರೋ ತಿಳಿಯದು. ಎರಡನೆಯ ಸುತ್ತಿನವರಾಗಿದ್ದರೆ ಅವರು ಸ್ವಭಾವದಿಂದ ಅಂಜುವವರಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮಾರ್ಚ್‌ನಲ್ಲಿ ನಾಲ್ವರು, ಎಸ್ರಾ ಮುಂಗಾನ್, ಮುಜಫ್ಫರ್ ಕಾಯಾ, ಕವಂಚ್ ಎರ್ಸೊಯ್, ಮೆರಾಲ್ ಜಾಮ್ಜಿ, ಪತ್ರಿಕಾಗೋಷ್ಠಿ ನಡೆಸಿ ತಮ್ಮ ಮಾತಿಗೆ ಬದ್ಧರೆಂದು ಹೇಳಿದರು. ನಾಲ್ವರೂ ಜೈಲು ಸೇರಿದರು. ಫ್ರಾನ್ಸ್‌ನಲ್ಲಿದ್ದ ಜಾಮ್ಜಿ ಬಂಧನವಾಗುವುದೆಂದು ತಿಳಿದೇ ಹಿಂದಿರುಗಿದರು. ಏಪ್ರಿಲ್ 22ರಂದು ಬಿಡುಗಡೆಯಾಯಿತು. ಅಷ್ಟರಲ್ಲಿ ಜುಲೈ 15 ಬಂತು. ಸೇನೆಯ ಒಂದು ಭಾಗ ದಂಗೆಯೆದ್ದು ಸೋತಿತು, ಸುಮಾರು 250 ಜನ ಪ್ರಾಣ ಕಳೆದುಕೊಂಡರು, ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಹಿದಾರರಿಗೂ ಆ ದಂಗೆಗೂ ಯಾವ ನಂಟೂ ಇರಲಿಲ್ಲ. ಆದರೆ ಅಲ್ಲಿಯವರೆಗೆ ಸರ್ಕಾರದ ಕೈಯಲ್ಲಿಲ್ಲದ ಒಂದು ಆಯುಧವನ್ನು ಆ ರಾತ್ರಿ ಕೊಟ್ಟುಹೋಯಿತು. ಅದೇ ಸುಗ್ರೀವಾಜ್ಞೆ.

ಸರ್ಕಾರಿ ಕೆಲಸ ಮಾಡಿದವರಿಗೆ ಇದರ ಭೀಕರತೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಒಬ್ಬ ಅಧ್ಯಾಪಕನನ್ನು ವಜಾ ಮಾಡಬೇಕಾದರೆ ಕಾರಣ ಕೇಳಿ ನೋಟಿಸ್, ವಿವರಣೆ, ವಿಚಾರಣೆ, ಆದೇಶ, ಮೇಲ್ಮನವಿ ಎಂಬ ಮೆಟ್ಟಿಲುಗಳಿವೆ. ಅಲ್ಲಿ ಆ ಮೆಟ್ಟಿಲುಗಳನ್ನೇ ಕಿತ್ತುಹಾಕಲಾಯಿತು. ಎಷ್ಟೋ ಸಲ ರಾತ್ರಿ ಹೊತ್ತಿನಲ್ಲಿ ರಾಜ್ಯಪತ್ರ ಪ್ರಕಟವಾಗುತ್ತಿತ್ತು. ಅದಕ್ಕೊಂದು ಅನುಬಂಧ. ಅನುಬಂಧದಲ್ಲಿ ಹೆಸರು, ಹುದ್ದೆ, ವಿಶ್ವವಿದ್ಯಾಲಯ. ಯಾರ ಹೆಸರಿನ ಮುಂದೆಯೂ ಕಾರಣವಿಲ್ಲ. ಎಲ್ಲರಿಗೂ ಸೇರಿ ಒಂದೇ ವಾಕ್ಯ: ಭಯೋತ್ಪಾದಕ ಸಂಘಟನೆಗಳೊಂದಿಗೆ ಸಂಬಂಧ ಅಥವಾ ಸಂಪರ್ಕ. ಬೆಳಗಾಗುವಷ್ಟರಲ್ಲಿ ನೌಕರಿಯ ಜೊತೆಗೆ ಜೀವಮಾನಪೂರ್ತಿ ಸರ್ಕಾರಿ ಸೇವೆಯ ಹಕ್ಕೂ ಹೋಯಿತು, ಪಾಸ್‌ಪೋರ್ಟ್ ರದ್ದಾಯಿತು. ಸಾಮಾಜಿಕ ಭದ್ರತೆಯ ದಾಖಲೆಯಲ್ಲಿ ಬಿದ್ದ ಗುರುತು ಖಾಸಗಿ ಉದ್ಯೋಗದಾತನಿಗೂ ಕಾಣುತ್ತಿತ್ತು. ಕಂಡವನು ಕೆಲಸ ಕೊಡಲು ಹಿಂಜರಿಯುತ್ತಿದ್ದ. ಸ್ವದೇಶದಲ್ಲಿ ಅನ್ನವಿಲ್ಲ, ಪರದೇಶಕ್ಕೆ ದಾರಿಯಿಲ್ಲ. ಇದನ್ನು ಟರ್ಕಿಯವರು 'ನಾಗರಿಕ ಮರಣ' ಎಂದು ಕರೆದರು. ಹೀಗೆ ಎರಡು ವರ್ಷಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ವಿಶ್ವವಿದ್ಯಾಲಯ ಅಧ್ಯಾಪಕರು ಕೆಲಸ ಕಳೆದುಕೊಂಡರು. ಬಹುಪಾಲು ಜನರ ಮೇಲಿದ್ದ ಆರೋಪ ದಂಗೆಯ ಹಿಂದಿತ್ತೆನ್ನಲಾದ, ಧರ್ಮಬೋಧಕ ಫೆತುಲ್ಲಾ ಗುಲೆನ್ ಅವರ ಪಂಥದ ನಂಟು. ಹೀಗೆ ಕೆಲಸ ಕಳೆದುಕೊಂಡವರಲ್ಲಿ ಶಾಂತಿ ಹೇಳಿಕೆಯ ಸಹಿದಾರರು ಸುಮಾರು ನಾನ್ನೂರು ಮಂದಿ. ಯಾರ ಹೆಸರು ಪಟ್ಟಿಗೆ ಸೇರಬೇಕೆಂದು ಸೂಚಿಸುವಲ್ಲಿ ಎಷ್ಟೋ ಕಡೆ ವಿಶ್ವವಿದ್ಯಾಲಯದ ಆಡಳಿತವೇ ಕೈಜೋಡಿಸಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

2017ರ ಫೆಬ್ರುವರಿ 7ರ ಪಟ್ಟಿಯಲ್ಲಿ 330 ಅಧ್ಯಾಪಕರ ಹೆಸರಿತ್ತು. ಸಂವಿಧಾನ ಕಾನೂನಿನ ಹಿರಿಯ ವಿದ್ವಾಂಸ ಇಬ್ರಾಹಿಂ ಕಾಬೋಲು ಅವರಲ್ಲೊಬ್ಬರು. ಅಧ್ಯಕ್ಷರ ಅಧಿಕಾರ ಹೆಚ್ಚಿಸುವ ಸಂವಿಧಾನ ತಿದ್ದುಪಡಿಯ ಜನಮತಗಣನೆಗೆ ಆಗ ಎರಡು ತಿಂಗಳಷ್ಟೇ ಉಳಿದಿತ್ತು. ಮೂರು ದಿನದ ಮೇಲೆ ಅಂಕಾರಾ ವಿಶ್ವವಿದ್ಯಾಲಯದ ಜೆಬೆಜಿ ಆವರಣದಲ್ಲಿ ಅಧ್ಯಾಪಕರು ತಮ್ಮ ಕಪ್ಪು ನಿಲುವಂಗಿಗಳನ್ನು ಕಳಚಿ ನೆಲದ ಮೇಲೆ ಹಾಸಿದರು. ಪೊಲೀಸರು ಬೂಟುಗಾಲಲ್ಲಿ ಅವುಗಳ ಮೇಲೆ ನಡೆದುಹೋದರು. ಆ ಚಿತ್ರವನ್ನು ನಾನು ತರಗತಿಯಲ್ಲಿ ತೋರಿಸುತ್ತಿದ್ದೆ. ತೋರಿಸುವಾಗ ಪ್ರತಿಸಲವೂ ಗಂಟಲು ಕಟ್ಟುತ್ತಿತ್ತು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಮೊಕದ್ದಮೆ ಆರಂಭವಾದದ್ದು ಹೇಳಿಕೆ ಹೊರಬಿದ್ದ ಸುಮಾರು ಎರಡು ವರ್ಷಕ್ಕೆ, 2017ರ ಡಿಸೆಂಬರ್ 5ರಂದು, ಇಸ್ತಾಂಬುಲ್‌ನ ಚಾಲಾಯಾನ್ ನ್ಯಾಯಾಲಯದಲ್ಲಿ. ಆರೋಪ, ಭಯೋತ್ಪಾದಕ ಸಂಘಟನೆಯ ಪರ ಪ್ರಚಾರ. ಹೇಳಿಕೆ ಒಂದೇ, ಸಹಿ ಹಾಕಿದ ಕಾಗದ ಒಂದೇ, ದೋಷಾರೋಪ ಪಟ್ಟಿಗಳು ಹೆಚ್ಚುಕಡಿಮೆ ಒಂದರ ನಕಲು ಒಂದು. ಆದರೆ ಮೊಕದ್ದಮೆ ಮಾತ್ರ ಒಬ್ಬೊಬ್ಬರ ಮೇಲೆ ಬೇರೆ ಬೇರೆ, ಎಂಟುನೂರಕ್ಕೂ ಹೆಚ್ಚು. ಒಟ್ಟಿಗೆ ಸಹಿ ಹಾಕಿದವರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ, ಬೇರೆ ಬೇರೆ ದಿನ, ಬೇರೆ ಬೇರೆ ನ್ಯಾಯಾಧೀಶರ ಮುಂದೆ ನಿಲ್ಲಿಸಲಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಲೆಕ್ಕಾಚಾರದ ನಡೆ ಇದು. ಸಾವಿರ ಜನ ಒಟ್ಟಿಗೆ ನಿಂತಿದ್ದಾಗ ಇದ್ದ ಧೈರ್ಯ ವಕೀಲರ ಶುಲ್ಕ ಹೊಂದಿಸಲು ಒಬ್ಬರೇ ಓಡಾಡುವಾಗ ಇರುವುದಿಲ್ಲ.

ಶಿಕ್ಷೆ ಸಾಮಾನ್ಯವಾಗಿ ಹದಿನೈದು ತಿಂಗಳು. ಆದರೆ ಹೆಚ್ಚಿನವರು ಜೈಲಿಗೆ ಹೋಗಲಿಲ್ಲ. ಏಕೆಂದರೆ ಟರ್ಕಿಯ ಕಾನೂನಿನಲ್ಲಿ ಆಗ ತೀರ್ಪಿನ ಘೋಷಣೆಯನ್ನೇ ಮುಂದೂಡುವ ಒಂದು ಏರ್ಪಾಟಿತ್ತು. ಶಿಕ್ಷೆ ಎರಡು ವರ್ಷದೊಳಗಿನದಾದರೆ, ಆರೋಪಿ ಒಪ್ಪಿದರೆ, ತೀರ್ಪನ್ನು ಐದು ವರ್ಷ ಕಪಾಟಿನಲ್ಲಿಡಲಾಗುತ್ತಿತ್ತು. ಆ ಐದು ವರ್ಷ ಯಾವ ಅಪರಾಧವನ್ನೂ ಮಾಡದಿದ್ದರೆ ಶಿಕ್ಷೆ ಇಲ್ಲವೇ ಇಲ್ಲವೆಂಬಂತೆ ಅಳಿಸಿಹೋಗುತ್ತಿತ್ತು. ಮಾಡಿದರೆ ಹಳೆಯದೂ ಸೇರಿ ಮೇಲೆ ಬೀಳುತ್ತಿತ್ತು. ಕೇಳುವುದಕ್ಕೆ ದಯೆಯಂತಿದೆ, ಅಲ್ಲವೇ? ಆದರೆ ಒಂದು ಸಹಿಯೇ ಅಪರಾಧವಾಗಿರುವಾಗ 'ಮತ್ತೆ ಅಪರಾಧ ಮಾಡಬೇಡ' ಎಂದರೆ ಏನರ್ಥ? ಮುಂದಿನ ಐದು ವರ್ಷ ಯಾವ ಲೇಖನದ ಯಾವ ಸಾಲು, ಯಾವ ವಿಚಾರಸಂಕಿರಣದ ಯಾವ ಮಾತು ಅಪರಾಧವಾದೀತು ಎಂದು ವಿದ್ವಾಂಸ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತಿರಬೇಕು. ತಲೆಯ ಮೇಲಿನ ತೂಗುಕತ್ತಿಯ ದಾರವನ್ನು ಅವನ ಕೈಗೇ ಕೊಟ್ಟು ಕಾಯಲು ಹೇಳಿದ ಹಾಗೆ. ಸರ್ಕಾರ ಒಬ್ಬ ಕಾವಲುಗಾರನ ಸಂಬಳವನ್ನೂ ತೆರಬೇಕಿಲ್ಲ. ಮೇಲಾಗಿ, ಮುಂದೂಡಿಕೆಯನ್ನು ಒಪ್ಪಿಕೊಂಡವರಿಗೆ ಮೇಲಿನ ನ್ಯಾಯಾಲಯಕ್ಕೆ ಪೂರ್ಣ ಮೇಲ್ಮನವಿಯ ದಾರಿಯೂ ಇರಲಿಲ್ಲ. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ ಅದು.

ಒಪ್ಪಿಕೊಂಡವರ ಬಗ್ಗೆ ಯಾರಾದರೂ ಹಗುರವಾಗಿ ಮಾತನಾಡಿದರೆ ನನಗೆ ನೋವಾಗುತ್ತದೆ. ಮನೆಯಲ್ಲಿ ಎಳೆಯ ಮಗುವೋ ಹಾಸಿಗೆ ಹಿಡಿದ ತಂದೆಯೋ ಇರುವಾಗ ಜೈಲನ್ನು ಆರಿಸಿಕೊಳ್ಳಿ ಎನ್ನಲು ನಾವು ಯಾರು? ಒಪ್ಪದವರೂ ಇದ್ದರು. ಗಲಾತಸರಾಯ್ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕಿ ಫ್ಯೂಸುನ್ ಉಸ್ತೆಲ್ ಮುಂದೂಡಿಕೆ ಬೇಡವೆಂದರು. ಹದಿನೈದು ತಿಂಗಳ ಶಿಕ್ಷೆಯನ್ನು ಮೇಲಿನ ನ್ಯಾಯಾಲಯ ಎತ್ತಿಹಿಡಿಯಿತು. 2019ರ ಮೇ 8ರಂದು ಅವರು ಎಸ್ಕಿಶೆಹಿರ್‌ನ ಮಹಿಳಾ ಜೈಲಿನೊಳಗೆ ನಡೆದರು. ಟರ್ಕಿಯ ಪೌರತ್ವದ ಇತಿಹಾಸವನ್ನೇ ಅಧ್ಯಯನ ಮಾಡಿದವರು ಅವರು.

ಎರಡೂವರೆ ತಿಂಗಳ ಬಳಿಕ, ಜುಲೈ 22ರಂದು, ಅವರು ಹೊರಬಂದರು. ನಾಲ್ಕು ದಿನ ಕಳೆದು ಸಾಂವಿಧಾನಿಕ ನ್ಯಾಯಾಲಯ ಅವರ ಮತ್ತು ಇತರ ಒಂಬತ್ತು ಮಂದಿಯ ಅರ್ಜಿಯ ಮೇಲೆ ತೀರ್ಪು ಕೊಟ್ಟಿತು: ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆಯಾಗಿದೆ. ನ್ಯಾಯಮೂರ್ತಿಗಳ ಮತ ಎಂಟಕ್ಕೆ ಎಂಟು ಸಮವಾಗಿ, ಆ ನ್ಯಾಯಾಲಯದ ಅಧ್ಯಕ್ಷರ ಮತವಿದ್ದ ಕಡೆಗೆ ಗೆಲುವಾಯಿತು. ಅಷ್ಟು ಸಣ್ಣ ಎಳೆಯ ಮೇಲೆ ನೂರಾರು ಬದುಕು ನಿಂತಿತ್ತು. ಆ ಸೆಪ್ಟೆಂಬರ್‌ನಿಂದ ಕೆಳಗಿನ ನ್ಯಾಯಾಲಯಗಳಲ್ಲಿ ಸಾಲುಸಾಲಾಗಿ ಖುಲಾಸೆಗಳು ಬಂದವು. ನಿಮ್ಮ ಸಹೋದ್ಯೋಗಿಯದೂ ಬಹುಶಃ ಆಗಲೇ.

ಹಾಗಾದರೆ ಕೆಲಸ ಮರಳಿ ಸಿಗಬೇಕಿತ್ತಲ್ಲವೇ? ಗಂಟು ಇರುವುದು ಇಲ್ಲೇ. ಶಿಕ್ಷೆ ಕೊಟ್ಟದ್ದು ನ್ಯಾಯಾಲಯ, ವಜಾ ಮಾಡಿದ್ದು ಸುಗ್ರೀವಾಜ್ಞೆ. ಒಂದು ಬಿದ್ದರೆ ಇನ್ನೊಂದು ತಾನಾಗಿ ಬೀಳುವುದಿಲ್ಲ. ವಜಾಗೊಂಡವರ ಅಹವಾಲು ಕೇಳಲು 2017ರಲ್ಲಿ ಒಂದು ಆಯೋಗ ರಚನೆಯಾಯಿತು. ಎಲ್ಲ ಇಲಾಖೆಗಳಿಂದ ಸೇರಿ ಸುಮಾರು 1,27,000 ಅರ್ಜಿಗಳು ಬಂದವು. ಪುರಸ್ಕೃತವಾದವು ಹದಿನೆಂಟು ಸಾವಿರದಷ್ಟು. ಖುಲಾಸೆಯಾಗಿದ್ದ ಸಹಿದಾರರ ಅರ್ಜಿಗಳನ್ನೂ ಆಯೋಗ ವರ್ಷಗಟ್ಟಲೆ ಇಟ್ಟುಕೊಂಡು 2021ರಲ್ಲಿ ತಿರಸ್ಕರಿಸತೊಡಗಿತು. ಆಮೇಲೆ ಮತ್ತೆ ಆಡಳಿತ ನ್ಯಾಯಾಲಯ, ಮತ್ತೆ ಮೇಲ್ಮನವಿ. ಕೆಲವರು ಮರಳಿ ತರಗತಿಗೆ ಹೋದರು. ಹಲವರಿಗೆ ಅಷ್ಟರಲ್ಲಿ ನಿವೃತ್ತಿಯ ವಯಸ್ಸು.

ಊರಿಗೆ ಹೋಗದಿರುವುದಕ್ಕೆ ಕಾರಣ ಬೇಕಿದ್ದರೆ ತುನಾ ಅಲ್ತಿನೆಲ್ ಅವರ ಕಥೆಯನ್ನು ಕೇಳಿ. ಫ್ರಾನ್ಸ್‌ನ ಲಿಯೋನ್ ವಿಶ್ವವಿದ್ಯಾಲಯದ ಗಣಿತಜ್ಞ ಅವರು, ಹೇಳಿಕೆಯ ಸಹಿದಾರರು. 2019ರ ಏಪ್ರಿಲ್‌ನಲ್ಲಿ ಇಸ್ತಾಂಬುಲ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅವರ ಪಾಸ್‌ಪೋರ್ಟ್ ಕಿತ್ತುಕೊಂಡರು. ಅದೇಕೆಂದು ವಿಚಾರಿಸಲು ಮೇ ತಿಂಗಳಲ್ಲಿ ಬಾಲಿಕೆಸಿರ್‌ನ ಕಚೇರಿಗೆ ಹೋದವರನ್ನು ಹಾಗೆಯೇ ಬಂಧಿಸಿದರು. ಈ ಸಲ ಕಾರಣ ಸಹಿಯಲ್ಲ. ಕರ್ಫ್ಯೂ ಕಾಲದ ಜಿಜ್ರೆಯ ಸಾವುಗಳ ಬಗ್ಗೆ ಲಿಯೋನ್‌ನಲ್ಲಿ ನಡೆದ ಸಾರ್ವಜನಿಕ ಸಭೆಯೊಂದರಲ್ಲಿ ಅವರು ಭಾಷಾಂತರಕಾರರಾಗಿದ್ದರು. ಜುಲೈ ಕೊನೆಯವರೆಗೆ ಜೈಲು. 2020ರ ಜನವರಿಯಲ್ಲಿ ಖುಲಾಸೆ. ಆದರೆ ಪಾಸ್‌ಪೋರ್ಟ್ ಕೈಗೆ ಬಂದದ್ದು 2021ರಲ್ಲಿ. ಎರಡು ವರ್ಷ ಅವರ ವಿದ್ಯಾರ್ಥಿಗಳು ಲಿಯೋನ್‌ನಲ್ಲಿ, ಅವರು ಟರ್ಕಿಯಲ್ಲಿ. ಒಂದು ಪ್ರಕರಣದ ಖುಲಾಸೆ ಆ ಪ್ರಕರಣಕ್ಕಷ್ಟೇ ಸೀಮಿತ. ಜರ್ಮನಿಯಲ್ಲಿ ತಾವು ಆಡಿದ ಯಾವ ಮಾತು, ಕೂತ ಯಾವ ಸಭೆ ಅಲ್ಲಿ ಕಡತವಾಗಿದೆಯೆಂದು ನಿಮ್ಮ ಸಹೋದ್ಯೋಗಿಗೆ ತಿಳಿಯುವುದು ವಿಮಾನ ನಿಲ್ದಾಣದ ಗಾಜಿನ ಕಿಟಕಿಯ ಮುಂದೆ ನಿಂತಾಗಲೇ. ತಾಯಿಯನ್ನು ನೋಡಲು ಹೋಗದಿದ್ದುದು ಪ್ರೀತಿ ಕಡಿಮೆಯಾಗಿ ಅಲ್ಲ. ಹೋದರೆ ನೋಡಲು ಸಿಗುವುದು ಮನೆಯಲ್ಲೋ ಜೈಲಿನ ಭೇಟಿಯ ಕೋಣೆಯಲ್ಲೋ ಎಂಬುದು ಗೊತ್ತಿಲ್ಲದಿದ್ದುದರಿಂದ.

ಇದೆಲ್ಲ ಎರ್ಡೊಗನ್ ಕಾಲದಲ್ಲಿ ಹುಟ್ಟಿದ್ದೂ ಅಲ್ಲ. 1948ರಲ್ಲಿ ಅಂಕಾರಾ ವಿಶ್ವವಿದ್ಯಾಲಯದಿಂದ ಬೆಹಿಜೆ ಬೋರಾನ್, ಪೆರ್ತೆವ್ ನಾಯಿಲಿ ಬೋರಾತಾವ್ ಮೊದಲಾದವರನ್ನು ಎಡಪಂಥೀಯರೆಂದು ಹೊರಗಟ್ಟಿದರು. ಜಾನಪದದ ದೊಡ್ಡ ವಿದ್ವಾಂಸ ಬೋರಾತಾವ್ ಉಳಿದ ಬದುಕನ್ನು ಫ್ರಾನ್ಸ್‌ನಲ್ಲಿ ಕಳೆದರು. 1960ರ ಸೇನಾ ಆಡಳಿತ 147 ಮಂದಿಯನ್ನು ತೆಗೆಯಿತು. 1980ರ ಸೇನಾ ಆಡಳಿತ 1402ನೆಯ ಸಂಖ್ಯೆಯ ಕಾನೂನನ್ನು ಬಳಸಿ ತೆಗೆದವರಿಗೆ '1402ರವರು' ಎಂಬ ಹೆಸರೇ ಅಂಟಿತು. ಕುರ್ದರ ಬಗ್ಗೆ ಬರೆದ ಸಮಾಜಶಾಸ್ತ್ರಜ್ಞ ಇಸ್ಮಾಯಿಲ್ ಬೆಶಿಕ್ಚಿ ಹದಿನೇಳು ವರ್ಷ ಸೆರೆಮನೆಯಲ್ಲಿದ್ದರು. ಆಳುವವರು ಜಾತ್ಯತೀತರಿರಲಿ, ಸೈನಿಕರಿರಲಿ, ಧಾರ್ಮಿಕರಿರಲಿ, ಅವರಿಗೆ ಬೇಡದ ಪ್ರಶ್ನೆ ಎತ್ತಿದ ಅಧ್ಯಾಪಕನಿಗೆ ಆದದ್ದು ಒಂದೇ.

ನೀವಿರುವ ನೆಲದ ಜೊತೆಗೂ ಇದಕ್ಕೊಂದು ಹಳೆಯ ನಂಟಿದೆ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಫ್ರಾಂಕ್‌ಫರ್ಟ್‌ನ ಯಹೂದಿ ರೋಗಶಾಸ್ತ್ರಜ್ಞ ಫಿಲಿಪ್ ಶ್ವಾರ್ಟ್ಸ್ ಜೂರಿಕ್‌ಗೆ ಓಡಿಹೋಗಿ, ಕೆಲಸ ಕಳೆದುಕೊಂಡ ಜರ್ಮನ್ ವಿದ್ವಾಂಸರಿಗಾಗಿ ಒಂದು ನೆರವಿನ ಸಂಘ ಕಟ್ಟಿದರು. ಅದೇ ಜುಲೈನಲ್ಲಿ ಅಂಕಾರಾಕ್ಕೆ ಹೋಗಿ ಟರ್ಕಿಯ ಶಿಕ್ಷಣ ಸಚಿವರೊಂದಿಗೆ ಕುಳಿತು ಹತ್ತಾರು ಪ್ರಾಧ್ಯಾಪಕರಿಗೆ ಹೊಸ ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಹುದ್ದೆ ಕೊಡಿಸಿದರು. ಆ ವಿಶ್ವವಿದ್ಯಾಲಯವನ್ನು ಕಟ್ಟುವಾಗ ಹಳೆಯ ವಿದ್ಯಾಪೀಠದ ನೂರೈವತ್ತಕ್ಕೂ ಹೆಚ್ಚು ಟರ್ಕಿ ಅಧ್ಯಾಪಕರನ್ನು ಮನೆಗೆ ಕಳಿಸಿದ್ದರು ಎಂಬುದನ್ನೂ ಮರೆಯಬಾರದು. ಇಂದು ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನ ಅಪಾಯದಲ್ಲಿರುವ ವಿದ್ವಾಂಸರಿಗೆ ಕೊಡುವ ಫೆಲೋಶಿಪ್‌ಗೆ ಅದೇ ಶ್ವಾರ್ಟ್ಸ್ ಅವರ ಹೆಸರಿದೆ. ಟರ್ಕಿಯ ಎಷ್ಟೋ ಸಹಿದಾರರು ಜರ್ಮನಿಗೆ ಬಂದದ್ದು ಅದರಿಂದಲೇ.

ಹೊರಗೆ ಬಾರದವರು ಏನು ಮಾಡಿದರೆಂದು ಕೇಳಿದರೆ ನಿಮಗೆ ಸಂತೋಷವಾದೀತು. 2016ರ ಸೆಪ್ಟೆಂಬರ್ 1ರ ಪಟ್ಟಿಯಲ್ಲಿ ಕೆಲಸ ಕಳೆದುಕೊಂಡ ಕೊಜಾಎಲಿಯ ಅಧ್ಯಾಪಕರು ಆ ತಿಂಗಳು ಮುಗಿಯುವ ಮೊದಲೇ 'ಕೊಜಾಎಲಿ ಐಕಮತ್ಯ ಅಕಾಡೆಮಿ' ತೆರೆದು ಊರಿನವರಿಗೆ ಪಾಠ ಶುರುಮಾಡಿದರು. ಅಂಕಾರಾದಲ್ಲಿ ಉದ್ಯಾನವನದಲ್ಲೇ ತರಗತಿ ನಡೆಯಿತು. ಮೆರ್ಸಿನ್‌ನಲ್ಲಿ ವಜಾಗೊಂಡವರು ಸೇರಿ ಗ್ರಂಥಾಲಯವೂ ಚಹಾದಂಗಡಿಯೂ ಆದ 'ಕುಲ್ತುರ್‌ಹಾನೆ' ಕಟ್ಟಿದರು. ಬೇರೆ ಬೇರೆ ನ್ಯಾಯಾಲಯಗಳಲ್ಲಿ ಒಬ್ಬೊಬ್ಬರೇ ನಿಲ್ಲಬೇಕಾಗಿದ್ದವರಿಗಾಗಿ ಸಹೋದ್ಯೋಗಿಗಳು ಸರದಿ ಹಾಕಿಕೊಂಡು ಪ್ರತಿ ವಿಚಾರಣೆಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು, ಹೇಳಿಕೆಗಳನ್ನು ಬರೆದುಕೊಳ್ಳುತ್ತಿದ್ದರು. 2021ರಲ್ಲಿ ಬೊವಾಜಿಚಿ ವಿಶ್ವವಿದ್ಯಾಲಯಕ್ಕೆ ಅಧ್ಯಕ್ಷರು ಹೊರಗಿನವರೊಬ್ಬರನ್ನು ಕುಲಪತಿಯಾಗಿ ನೇಮಿಸಿದಾಗ ಅಲ್ಲಿನ ಅಧ್ಯಾಪಕರು ಪ್ರತಿ ಮಧ್ಯಾಹ್ನ ನಿಲುವಂಗಿ ತೊಟ್ಟು, ಆಡಳಿತ ಕಟ್ಟಡಕ್ಕೆ ಬೆನ್ನು ತಿರುಗಿಸಿ ಹುಲ್ಲುಹಾಸಿನ ಮೇಲೆ ಮೌನವಾಗಿ ನಿಂತರು. ಮಳೆಯಲ್ಲೂ ನಿಂತರು, ಹಿಮದಲ್ಲೂ ನಿಂತರು. ಅದೇ ಜುಲೈನಲ್ಲಿ ಆ ಕುಲಪತಿಯನ್ನು ತೆಗೆದು ಮತ್ತೊಬ್ಬರನ್ನು ತಂದರು. ಅವರೂ ಮೇಲಿನಿಂದ ಬಂದವರೇ. ಅಧ್ಯಾಪಕರು ನಿಲ್ಲುವುದನ್ನು ಬಿಡಲಿಲ್ಲ.

ಇನ್ನು ನೀವು ಮಾಡಬಹುದಾದದ್ದು. ಮೊಕದ್ದಮೆಯ ಕಥೆ ಕೇಳಬೇಡಿ. ಅದನ್ನು ಅವರು ವಕೀಲರಿಗೆ, ವೀಸಾ ಕಚೇರಿಗೆ, ಫೆಲೋಶಿಪ್ ಅರ್ಜಿಗಳಿಗೆ ಹೇಳಿ ಹೇಳಿ ದಣಿದಿರುತ್ತಾರೆ. ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ. ಅವರ ವಿಷಯ ಏನೆಂದು ಕೇಳಿ. ಸಹಿ ಹಾಕುವ ಮೊದಲು ಅವರು ಯಾವುದರ ಮೇಲೆ ಕೆಲಸ ಮಾಡುತ್ತಿದ್ದರು, ಯಾವ ಅಧ್ಯಾಯ ಅರ್ಧಕ್ಕೆ ನಿಂತಿತು ಎಂದು ಕೇಳಿ. ಸಂತ್ರಸ್ತರೆಂದು ಕರೆಯುವವರು ಅವರಿಗೆ ಬಹಳ ಸಿಕ್ಕಿರುತ್ತಾರೆ, ಅವರ ಪ್ರಬಂಧ ಓದಿ ತಪ್ಪು ತೋರಿಸುವವರು ಸಿಕ್ಕಿರುವುದಿಲ್ಲ. ಅವರ ಚಿತ್ರವನ್ನೋ ಹೆಸರನ್ನೋ ಎಲ್ಲಿಯೂ ಹಂಚಿಕೊಳ್ಳಬೇಡಿ, ಒಳ್ಳೆಯ ಮಾತಿನೊಂದಿಗೂ ಬೇಡ. ನಿಮ್ಮ ವಿಭಾಗದ ವಿಚಾರಗೋಷ್ಠಿಯಲ್ಲಿ ಅವರಿಂದ ಉಪನ್ಯಾಸ ಕೊಡಿಸುವ ಮನಸ್ಸಿದ್ದರೆ, ಪ್ರಕಟಣೆಯಲ್ಲಿ ಹೆಸರು ಹಾಕಬಹುದೇ, ಧ್ವನಿಮುದ್ರಣ ಮಾಡಬಹುದೇ ಎಂದು ಮೊದಲು ಅವರನ್ನೇ ಕೇಳಿ. ಬೇಡವೆಂದರೆ ಕಾರಣ ಕೇಳದೆ ಒಪ್ಪಿಕೊಳ್ಳಿ. ಮತ್ತೆ ಮನವಿಯ ಹಾಳೆ ಸುತ್ತಿ ಬಂದಾಗ ನೀವು ಪಕ್ಕದಲ್ಲಿದ್ದರೆ ಅವರ ಕೈಯನ್ನು ನೋಡಬೇಡಿ.

ಅಪಾಯದಲ್ಲಿರುವ ವಿದ್ವಾಂಸರ ಫೆಲೋಶಿಪ್‌ಗಳು ಸಾಮಾನ್ಯವಾಗಿ ಎರಡು ವರ್ಷದವು, ಅಪಾಯಕ್ಕೆ ಅಂತಹ ಅವಧಿ ಇಲ್ಲ. ಅವರ ಒಪ್ಪಂದ ಮುಗಿಯುವ ದಿನ ಯಾವುದೆಂದು ಮೆಲ್ಲಗೆ ತಿಳಿದುಕೊಳ್ಳಿ. ಇನ್ನೂ ಎಂಟು ತಿಂಗಳೋ ಒಂದು ವರ್ಷವೋ ಇರುವಾಗಲೇ ವಿಭಾಗದ ಮುಖ್ಯಸ್ಥರ ಬಳಿ ಹೋಗಿ, ಇವರನ್ನು ಉಳಿಸಿಕೊಳ್ಳಲು ಯಾವ ಹುದ್ದೆ, ಯಾವ ಯೋಜನೆ ಇದೆ ಎಂದು ಕೇಳಿ. ಅವರೊಂದಿಗೆ ಮೊದಲು ಮಾತನಾಡಿ, ಅವರು ಹ್ಞೂಂ ಎಂದ ಮೇಲೆ ಹೋಗಿ. ಅಲ್ಲಿ ಬೇಕಾದ ಅರ್ಜಿಗೆ ಸಹಿಯನ್ನು ನೀವೇ ಹಾಕಿ.